ಯಾವ ಊರಿನದು ಎಂದು ಕೇಳಿ

ಪ್ರಾಜೆಕ್ಟ್ ಕೆಲಸಕ್ಕೆಂದು ಮನಿಲಾಗೆ ಹೋಗಿಬರುವ ನಮ್ಮ ಐಟಿ ಮಂದಿ ಒಂದು ಮಾತನ್ನು ತಪ್ಪದೆ ಹೊತ್ತು ತರುತ್ತಾರೆ: "ಅಲ್ಲಿ ತಿನ್ನೋಕೆ ಏನೂ ಇಲ್ಲ ಮಾರಾಯ. ಮೊಟ್ಟೆಯೊಳಗಿನ ಬಾತುಮರಿ ತಿಂತಾರೆ!" ಕೇಳಿದವರು ಛೀ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. 7,641 ದ್ವೀಪಗಳ, ಹನ್ನೊಂದು ಕೋಟಿ ಜನರ ಒಂದು ದೇಶದ ಊಟದ ವಿಚಾರ ಅಲ್ಲಿಗೆ ಮುಗಿದುಹೋಗುತ್ತದೆ. ಈ ಮಾತನ್ನು ಪುಣೆಯ ಆಫೀಸ್ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಬೆಂಗಳೂರಿನ ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಯೂಟ್ಯೂಬಿನಲ್ಲಂತೂ ವಾರಕ್ಕೊಮ್ಮೆ ಕೇಳುತ್ತೇನೆ. 2025ರ ಜೂನ್‌ನಿಂದ ಭಾರತೀಯರು ಹದಿನಾಲ್ಕು ದಿನ ವೀಸಾ ಇಲ್ಲದೆ ಅಲ್ಲಿಗೆ ಹೋಗಬಹುದು. ಅಂದರೆ ಇನ್ನಷ್ಟು ಜನ ಹೋಗುತ್ತಾರೆ, ಇನ್ನಷ್ಟು ವಿಡಿಯೊ ಬರುತ್ತವೆ, ಅದೇ ಮೊಟ್ಟೆ, ಅದೇ ಛೀ. ಈ ಬರಹ ಅದರ ವಿರುದ್ಧ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಸಸ್ಯಾಹಾರಿ. ಕೆಳಗೆ ಹೆಸರು ಬರುವ ತಿನಿಸುಗಳಲ್ಲಿ ಅರ್ಧದಷ್ಟನ್ನು ನಾನು ತಿಂದಿಲ್ಲ, ಮುಂದೆ ತಿನ್ನುವ ಯೋಚನೆಯೂ ಇಲ್ಲ. ಹಾಗಾಗಿ ಇದು ನಾಲಗೆಯ ಪರವಾದ ವಾದವಲ್ಲ. ತಿನ್ನದೇ ಇರಲು ನನಗೆ ಪೂರ್ತಿ ಹಕ್ಕಿದೆ. ಆದರೆ ತಿನ್ನದವನಿಗೂ ಒಂದು ಪ್ರಶ್ನೆ ಕೇಳುವಷ್ಟು ಸೌಜನ್ಯ ಇರಬೇಕು: ಇದು ಯಾವ ಊರಿನದು?

ಆ ಮೊಟ್ಟೆಯಿಂದಲೇ ಶುರುಮಾಡೋಣ. ಅದರ ಹೆಸರು ಬಲೂಟ್. ಅದಕ್ಕೊಂದು ಊರಿದೆ, ಪತೇರೊಸ್. ಮಹಾನಗರ ಮನಿಲಾದೊಳಗೆ ನಗರಗಳ ನಡುವೆ ಸಿಕ್ಕಿಕೊಂಡಿರುವ ಏಕೈಕ ಪುರಸಭೆ ಅದು. ಸ್ಪ್ಯಾನಿಶ್‌ನಲ್ಲಿ 'ಪಾತೊ' ಎಂದರೆ ಬಾತು. ಊರಿನ ಹೆಸರಿಗೂ ಬಾತು ಸಾಕುವವರಿಗೂ ನಂಟು ಹೇಳುತ್ತಾರೆ. ಹೊಳೆಯ ದಡದಲ್ಲಿ ಬಾತು ಸಾಕಿ, ಹುರಿದ ಭತ್ತದ ಶಾಖದಲ್ಲಿ ಮೊಟ್ಟೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಎರಡು ವಾರಕ್ಕೂ ಮೀರಿ ದಿನ ಎಣಿಸಿ ತೆಗೆಯುವುದು ಅಲ್ಲಿನವರ ಕಸುಬಾಗಿತ್ತು. ಬೆಳಕಿಗೆ ಹಿಡಿದು ಯಾವ ಮೊಟ್ಟೆ ಎಷ್ಟು ದಿನದ್ದೆಂದು ಹೇಳುವ ಕಣ್ಣುಗಳಿದ್ದವು. ಆಮೇಲೆ ನಗರ ಬೆಳೆಯಿತು, ಹೊಳೆ ಕೊಳಕಾಯಿತು, ಬಾತುಗಳಿಗೆ ನೀರಿಲ್ಲವಾಯಿತು. ಈಗ ಮೊಟ್ಟೆಗಳು ಲಗೂನಾದಂಥ ಹೊರಗಿನ ಪ್ರಾಂತ್ಯಗಳಿಂದ ಬರುತ್ತವೆ. ಅಮೆರಿಕದ 'ಫಿಯರ್ ಫ್ಯಾಕ್ಟರ್' ಎಂಬ ಟಿವಿ ಆಟ ಬಲೂಟನ್ನು ತಿಂದು ಧೈರ್ಯ ತೋರಿಸುವ ವಸ್ತುವನ್ನಾಗಿ ಮಾಡಿತು. ಆ ಆಟ ನೋಡಿದವರಿಗೆ ಪತೇರೊಸ್ ಗೊತ್ತಾಗಲಿಲ್ಲ, ಹೊಳೆ ಸತ್ತದ್ದೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಸಹ್ಯ ಮಾತ್ರ. ಊರಿನ ಹೆಸರು ಕಿತ್ತುಹಾಕಿದರೆ ತಿನಿಸಿನಲ್ಲಿ ಉಳಿಯುವುದು ಇಷ್ಟೇ: ಒಂದೋ ಅಸಹ್ಯ, ಇಲ್ಲವೇ ಬೆಲೆ.

ಫಿಲಿಪೀನ್ಸಿನ ಜನ ತಮ್ಮ ತಿನಿಸಿನಿಂದ ಊರಿನ ಹೆಸರನ್ನು ಹಾಗೆ ಸುಲಭವಾಗಿ ಕಿತ್ತುಹಾಕುವವರಲ್ಲ. ಮೂರು ಸಲ ಕೆಲವು ತಿಂಗಳುಗಳ ಮಟ್ಟಿಗೆ ಮನಿಲಾದಲ್ಲಿದ್ದೆ. ನಮ್ಮ ತಂಡದಲ್ಲಿ ಮನಿಲಾದಲ್ಲೇ ಹುಟ್ಟಿ ಬೆಳೆದವರು ಕಡಿಮೆ. ಹೆಚ್ಚಿನವರು ನಮ್ಮ ಹಾಗೆಯೇ ಬೇರೆ ಪ್ರಾಂತ್ಯಗಳಿಂದ ಕೆಲಸಕ್ಕೆ ಬಂದವರು. ರಜೆ ಮುಗಿಸಿ ಬಂದ ಬೆಳಿಗ್ಗೆ ಪ್ಯಾಂಟ್ರಿಯ ಮೇಜಿನ ಮೇಲೆ ಡಬ್ಬ, ಪೊಟ್ಟಣ, ಬಾಳೆಲೆ ಸುರುಳಿಗಳು ಸಾಲಾಗಿ ಕೂರುತ್ತಿದ್ದವು. ಇದಕ್ಕೆ ಅವರು 'ಪಸಲೂಬೊಂಗ್' ಎನ್ನುತ್ತಾರೆ. 'ಸಲೂಬೊಂಗ್' ಎಂದರೆ ಎದುರುಗೊಳ್ಳುವುದು. ಊರಿಂದ ಬಂದವರನ್ನು ನಾವು ಎದುರುಗೊಳ್ಳುವಾಗ ಅವರ ಕೈಯಲ್ಲಿರಬೇಕಾದದ್ದು ಪಸಲೂಬೊಂಗ್. ಕೊಡುವಾಗ ಯಾರೂ "ಸ್ವೀಟ್ಸ್ ತಗೊಳ್ಳಿ" ಎಂದದ್ದು ನೆನಪಿಲ್ಲ. "ಇದು ಹಾಗ್ನಾದ್ದು", "ಇದು ಸಾನ್ ಮಿಗೆಲ್‌ದು" ಎನ್ನುತ್ತಿದ್ದರು. ತಿನಿಸಿನ ಹೆಸರಿಗಿಂತ ಮೊದಲು ಊರಿನ ಹೆಸರು.

ಹಾಗ್ನಾ ಬೊಹೋಲ್ ದ್ವೀಪದ ಒಂದು ಊರು. ಅಲ್ಲಿನ ಕಲಮಾಯ್ ಅಂಟಕ್ಕಿ, ತೆಂಗಿನಹಾಲು, ಕಂದು ಸಕ್ಕರೆ ಸೇರಿಸಿ ಗಂಟೆಗಟ್ಟಲೆ ತಿರುವಿದ ಅಂಟಂಟು ಸಿಹಿ. ಅದನ್ನು ನಯಗೊಳಿಸಿದ ತೆಂಗಿನ ಚಿಪ್ಪಿನಲ್ಲಿ ತುಂಬಿ, ಎರಡು ಚಿಪ್ಪು ಕೂಡಿಸಿ, ಸೇರುವಲ್ಲಿ ಕೆಂಪು ಕಾಗದದ ಪಟ್ಟಿ ಸುತ್ತುತ್ತಾರೆ. ಆ ಕೆಂಪು ಪಟ್ಟಿ ಕಂಡರೆ ಸಾಕು, ಬೊಹೋಲಿನವರಿಗೆ ಊರು ಕಂಡ ಹಾಗೆ. ಸಾನ್ ಮಿಗೆಲ್ ಇರುವುದು ಮನಿಲಾದ ಉತ್ತರಕ್ಕೆ ಬುಲಕಾನ್ ಪ್ರಾಂತ್ಯದಲ್ಲಿ. ಅಲ್ಲಿನ ಪಾಸ್ತಿಯಾಸ್ ಎಂಬುದು ಎಮ್ಮೆ ಹಾಲನ್ನು ಸಕ್ಕರೆಯೊಂದಿಗೆ ಇಂಗಿಸಿ ಮಾಡುವ ಬೆರಳುದ್ದದ ಸಿಹಿ. ತೆಳು ಬಣ್ಣದ ಕಾಗದವನ್ನು ಸಣ್ಣ ಕತ್ತರಿಯಿಂದ ಜಾಲರಿಯಂತೆ ಕತ್ತರಿಸಿ ಅದನ್ನು ಸುತ್ತುವ ಕಲೆ ಆ ಊರಿನದು. ಕಾಗದದ ಬಾಲದಲ್ಲಿ ಗುಡಿಸಲು, ಹೂವು, ಸ್ವಾಗತದ ಮಾತು ಮೂಡಿರುತ್ತವೆ. ಈ ಕತ್ತರಿ ಹಿಡಿಯಬಲ್ಲ ಕೈಗಳು ಈಗ ಬೆರಳೆಣಿಕೆಯಷ್ಟು. ಸೂಪರ್‌ಮಾರ್ಕೆಟಿನ ಪ್ಲಾಸ್ಟಿಕ್ ಡಬ್ಬದ ಮೇಲೆ 'ಮಿಲ್ಕ್ ಕ್ಯಾಂಡಿ' ಎಂದಷ್ಟೇ ಬರೆದರೆ ಹಾಲೂ ಸಕ್ಕರೆಯೂ ಉಳಿಯುತ್ತವೆ, ಕತ್ತರಿ ಹೋಗುತ್ತದೆ.

ಮಾಂಸದ ಮಾತೂ ಹೀಗೇ. ಲೊಂಗನೀಸಾ ಎಂಬ ಸಾಸೇಜಿನ ಹೆಸರು ಸ್ಪೇನಿನಿಂದ ಬಂತು, ಆದರೆ ಅಲ್ಲಿ ಬರೀ ಲೊಂಗನೀಸಾ ಕೊಡಿ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ. ವಿಗಾನ್‌ದು ಬೆಳ್ಳುಳ್ಳಿ ಮತ್ತು ಕಬ್ಬಿನ ವಿನೆಗರಿನ ಹುಳಿಯದು. ಲುಕ್ಬಾನ್‌ದು ಓರೆಗಾನೊ ಘಮದ್ದು. ಪಂಪಾಂಗಾದ್ದು ಸಿಹಿ. ಕಬನತುವಾನ್‌ದು ದನದ ಮಾಂಸದ್ದು. ಒಂದೇ ಹೆಸರಿನಡಿ ಊರಿಗೊಂದು ಜಾತಕ. ಲುಕ್ಬಾನ್‌ನಲ್ಲಿ ಮೇ 15ರಂದು ಪಹಿಯಾಸ್ ಹಬ್ಬ. ರೈತರ ಸಂತ ಇಸಿದೋರನಿಗೆ ಕೃತಜ್ಞತೆ ಹೇಳಲು, ಎಲೆಯ ಅಚ್ಚಿನಲ್ಲಿ ತೆಗೆದ ಬಣ್ಣಬಣ್ಣದ ಅಕ್ಕಿ ಹಪ್ಪಳಗಳಿಂದ ಮನೆಗಳ ಮುಂಭಾಗವನ್ನೇ ಸಿಂಗರಿಸುತ್ತಾರೆ. ಅಲ್ಲಿನ ನೂಡಲ್ಸನ್ನು ಬಾಳೆಲೆಯ ತುಂಡಿನಿಂದ ನೇರ ಬಾಯಿಗೆ ತಿನ್ನಬೇಕು, ಚಮಚವಿಲ್ಲ. ಇಷ್ಟೆಲ್ಲ ಒಂದೇ ಊರಿನಲ್ಲಿದೆ. ಇದನ್ನು 'ಏಷ್ಯನ್ ನೂಡಲ್ಸ್' ಎಂಬ ಮೆನು ಸಾಲಿನಲ್ಲಿ ಹೇಗೆ ಹಿಡಿಸುತ್ತೀರಿ?

ಇನ್ನೊಂದು ಬಗೆಯ ನಮ್ಮವರಿದ್ದಾರೆ. ಅವರು ಹೀಯಾಳಿಸುವುದಿಲ್ಲ, ಅಪ್ಪಿಕೊಳ್ಳುತ್ತಾರೆ. "ಇದು ನಮ್ಮ ಕಡುಬೇ! ಇದು ನಮ್ಮಿಂದ ಹೋದದ್ದೇ!" ಸೆಬು ದ್ವೀಪದ ಕಾತ್ಮೊನ್ ಎಂಬ ಊರಿನ ಬುದ್ಬುದ್ ಕಾಬೊಗ್ ತಿಂದಾಗ ನನಗೂ ಊರು ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಅದು ಕಾಬೊಗ್ ಎಂಬ ಕಿರುಧಾನ್ಯವನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಬಾಳೆಲೆಯಲ್ಲಿ ಸುರುಳಿ ಸುತ್ತಿ ಹಬೆಯಲ್ಲಿಟ್ಟದ್ದು. ಆ ಧಾನ್ಯ ಬೇರೆ ಯಾವುದೂ ಅಲ್ಲ, ನಮ್ಮ ಬರಗು. ಸೆಬುವಿನ ಭಾಷೆಯಲ್ಲಿ ಕಾಬೊಗ್ ಎಂದರೆ ಬಾವಲಿ. ಬಾವಲಿಗಳಿರುವಲ್ಲಿ ಈ ಕಾಳು ಸಿಕ್ಕಿತೆಂದು ಅಲ್ಲಿನವರು ಕಥೆ ಹೇಳುತ್ತಾರೆ. ಬರಗು ಒಂದೇ, ಆದರೆ ಕಾತ್ಮೊನಿನ ಅಜ್ಜಿ ನಮ್ಮ ಚಿತ್ರದುರ್ಗದ ಅಜ್ಜಿಯಿಂದ ಕಲಿತಳು ಎನ್ನಲು ಯಾವ ಆಧಾರವಿದೆ? ತೆಂಗು, ಬಾಳೆ, ಅಕ್ಕಿ ಇರುವ ಕಡೆಯಲ್ಲೆಲ್ಲ ಜನ ಎಲೆಯಲ್ಲಿ ಸುತ್ತಿ ಬೇಯಿಸಿದ್ದಾರೆ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ನಿಜವಾದ ನಂಟು ಇಲ್ಲವೆಂದಲ್ಲ. ಅಲ್ಲಿ ಹಸಿ ಪಪ್ಪಾಯಿಯ ಉಪ್ಪಿನಕಾಯಿಗೆ 'ಅಚಾರ' ಎನ್ನುತ್ತಾರೆ. ಅದು ನಮ್ಮ ಅಚಾರ್ ಪದವೇ. 1762ರಿಂದ 1764ರವರೆಗೆ ಬ್ರಿಟಿಷರು ಮನಿಲಾವನ್ನು ಹಿಡಿದಿದ್ದಾಗ ಮದ್ರಾಸಿನಿಂದ ಸಿಪಾಯಿಗಳನ್ನು ಕರೆದೊಯ್ದಿದ್ದರು. ಅವರಲ್ಲಿ ಕೆಲವರು ವಾಪಸ್ಸು ಹಡಗು ಹತ್ತದೆ ಕಾಯಿಂತಾ ಎಂಬ ಊರಿನಲ್ಲಿ ನೆಲೆಸಿದರು. ಇದು ಇತಿಹಾಸ. ಆ ಸಿಪಾಯಿಗಳ ಕರಿಯಿಂದಲೇ ಅಲ್ಲಿನ ಕರೆ-ಕರೆ ಎಂಬ ಶೇಂಗಾ ಗೊಜ್ಜಿನ ಮಾಂಸದಡುಗೆ ಹುಟ್ಟಿತು ಎಂಬುದು ಕಥೆ. ಪಂಪಾಂಗಾದವರು ಅದು ತಮ್ಮದೆನ್ನುತ್ತಾರೆ. ಕಥೆಯನ್ನು ಕಥೆಯೆಂದೇ ಹೇಳಿದರೆ ಚೆಂದ. ವಾಟ್ಸಾಪಿನಲ್ಲಿ ಅದನ್ನೇ ದಾಖಲೆಯೆಂದು ಕಳಿಸುವವರು ಬಲೂಟಿಗೆ ಛೀ ಎಂದವರಿಗಿಂತ ಮೇಲಲ್ಲ. ಒಬ್ಬರು ಊರನ್ನು ಅಳಿಸಿದರು, ಇನ್ನೊಬ್ಬರು ಅದರ ಮೇಲೆ ತಮ್ಮ ಊರಿನ ಹೆಸರು ಬರೆದರು.

ಊರಿನ ಹೆಸರಿಗೆ ಯಾಕಿಷ್ಟು ಹಟ, ರುಚಿ ಇದ್ದರೆ ಸಾಲದೇ ಎನ್ನುವವರಿಗೆ ಎರಡು ತಿನಿಸು ತೋರಿಸುತ್ತೇನೆ.

ಮೊದಲನೆಯದು ಪಿಯಾಯಾ. ನೀಗ್ರೊಸ್ ದ್ವೀಪದ ಪಶ್ಚಿಮ ಭಾಗದ್ದು. ಬಾಕೊಲೊದ್ ನಗರದಿಂದ ಬರುವ ಯಾರೂ ಅದಿಲ್ಲದೆ ಬರುವುದಿಲ್ಲ. ಮೈದಾ ಹಿಟ್ಟಿನೊಳಗೆ ಕಂದು ಸಕ್ಕರೆಯ ಹೂರಣ ತುಂಬಿ, ಎಳ್ಳು ಉದುರಿಸಿ, ಲಟ್ಟಿಸಿ ಕಾವಲಿಯ ಮೇಲೆ ಬೇಯಿಸಿದ ತೆಳು ರೊಟ್ಟಿ. ಹೋಳಿಗೆ ಎನ್ನಲು ನಾಲಗೆ ತುರಿಸುತ್ತದೆ, ತಡೆದುಕೊಳ್ಳಿ. (ಸಸ್ಯಾಹಾರಿಗಳಿಗೊಂದು ಮಾತು: ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದೂ ಉಂಟು, ಕೇಳಿ ತಿನ್ನಿ.) ಆ ಹೂರಣದೊಳಗಿರುವುದು ನೀಗ್ರೊಸಿನ ಸಕ್ಕರೆ. ದ್ವೀಪದ ಬದುಕೇ ಕಬ್ಬಿನ ಮೇಲೆ ನಿಂತಿತ್ತು: ಕೆಲವೇ ಜಮೀನ್ದಾರರು, ಲಕ್ಷಾಂತರ ಕೂಲಿಗಳು. ಮಾರ್ಕೋಸ್ ಆಡಳಿತ ಸಕ್ಕರೆ ವ್ಯಾಪಾರವನ್ನು ತನ್ನ ಆಪ್ತರ ಏಕಸ್ವಾಮ್ಯಕ್ಕೆ ಒಪ್ಪಿಸಿತು. ಜಾಗತಿಕ ಬೆಲೆ ಕುಸಿದಾಗ, 1980ರ ದಶಕದ ನಡುವಿನಲ್ಲಿ, ಆ ದ್ವೀಪದಲ್ಲಿ ಕ್ಷಾಮ ಬಂತು. ಸಕ್ಕರೆ ಬೆಳೆವ ನೆಲದಲ್ಲಿ ಮಕ್ಕಳು ಹಸಿವಿನಿಂದ ಸತ್ತರು. ಬಾಕೊಲೊದಿನ ಪ್ರಸಿದ್ಧ ಮಾಸ್ಕರಾ ಹಬ್ಬ, ನಗುವ ಮುಖವಾಡಗಳ ಹಬ್ಬ, 1980ರಲ್ಲಿ ಶುರುವಾದದ್ದು. ಸಕ್ಕರೆಯ ಬೆಲೆ ಬಿದ್ದ ಕಾಲ, ಅದೇ ವರ್ಷದ ಹಡಗು ದುರಂತದಲ್ಲಿ ಊರಿನ ಅನೇಕರು ಸತ್ತ ಕಾಲ. ಆ ಮುಖವಾಡ ನಗುವುದು ಯಾಕೆಂದು ಈಗ ತಿಳಿಯಿತಲ್ಲ. ಪೊಟ್ಟಣದ ಮೇಲೆ 'ಸ್ವೀಟ್ ಫ್ಲಾಟ್‌ಬ್ರೆಡ್' ಎಂದು ಬರೆದರೆ ಇದರಲ್ಲಿ ಒಂದಕ್ಷರವೂ ಉಳಿಯುವುದಿಲ್ಲ.

ಎರಡನೆಯದು ಸಿಸಿಗ್. ನಾನು ತಿನ್ನದ ತಿನಿಸು, ಆದರೆ ಅದರ ಕಥೆ ನನಗಿಷ್ಟ. 1732ರ ಕಪಂಪಾಂಗನ್ ಭಾಷೆಯ ನಿಘಂಟಿನಲ್ಲಿ ಈ ಪದವಿದೆ. ಆಗ ಅದರ ಅರ್ಥ ಹಸಿ ಪಪ್ಪಾಯಿ ಅಥವಾ ಸೀಬೆಕಾಯಿಗೆ ಉಪ್ಪು, ಮೆಣಸು, ಬೆಳ್ಳುಳ್ಳಿ, ವಿನೆಗರ್ ಹಾಕಿದ ಹುಳಿ ಕೋಸಂಬರಿಯಂಥದ್ದು. ಪಂಪಾಂಗಾದ ಆಂಜೆಲೆಸ್ ನಗರದ ಪಕ್ಕದಲ್ಲೇ ಅಮೆರಿಕನ್ನರ ಕ್ಲಾರ್ಕ್ ವಾಯುನೆಲೆ ಇತ್ತು. ಅಲ್ಲಿನ ಅಡುಗೆಮನೆಗೆ ಹಂದಿಯ ತಲೆ ಬೇಡವಾಗಿತ್ತು, ಊರವರಿಗೆ ಅದು ಅಗ್ಗಕ್ಕೆ ಸಿಗುತ್ತಿತ್ತು. 1970ರ ದಶಕದಲ್ಲಿ ರೈಲು ಹಳಿಯ ಬಳಿ ಅಂಗಡಿ ಇಟ್ಟಿದ್ದ ಲೂಸಿಯಾ ಕುನಾನನ್ ಆ ತಲೆಮಾಂಸವನ್ನು ಸುಟ್ಟು, ಕೊಚ್ಚಿ, ಈರುಳ್ಳಿ ಹುಳಿ ಸೇರಿಸಿ ಈಗಿನ ಸಿಸಿಗ್‌ಗೆ ರೂಪ ಕೊಟ್ಟರು. 1991ರಲ್ಲಿ ಪಿನತೂಬೊ ಜ್ವಾಲಾಮುಖಿ ಸಿಡಿಯಿತು, ಅಮೆರಿಕನ್ನರು ನೆಲೆ ಬಿಟ್ಟು ಹೋದರು, ಸಿಸಿಗ್ ಉಳಿಯಿತು. 2017ರಲ್ಲಿ ಆಂಜೆಲೆಸ್ ನಗರಾಡಳಿತ ಅದನ್ನು ತನ್ನ ಪರಂಪರೆಯೆಂದು ಶಾಸನ ಮಾಡಿ ಸಾರಿತು. ದೊಡ್ಡವರು ಎಸೆದದ್ದನ್ನು ಒಂದು ಊರು ತನ್ನ ಹೆಮ್ಮೆಯಾಗಿ ಮಾಡಿಕೊಂಡ ಕಥೆ ಇದು. ತಟ್ಟೆಯಲ್ಲಿ ಬರೀ ಮಾಂಸ ಕಂಡು ಮೂಗು ಮುರಿಯುವವರಿಗೆ ಇದು ಕಾಣುವುದಿಲ್ಲ.

ಈಗ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ. ತಿನಿಸುಗಳು ಊರು ಬಿಟ್ಟು ತಿರುಗುತ್ತವೆ, ಹಾಗಿರುವಾಗ ಊರಿನ ಹೆಸರಿಗೆ ಅಂಟಿಕೊಳ್ಳುವುದು ಮಡಿವಂತಿಕೆಯಲ್ಲವೇ? ಬಿಕೋಲ್ ಎಕ್ಸ್‌ಪ್ರೆಸ್ ನೋಡಿ. ತೆಂಗಿನಹಾಲು, ಮೆಣಸಿನಕಾಯಿ, ಹಂದಿಮಾಂಸದ ಖಾರದ ಅಡುಗೆ. ಬಿಕೋಲ್ ಪ್ರಾಂತ್ಯದವರು ತೆಂಗಿನಹಾಲಿಗೆ ಕೈತುಂಬ ಮೆಣಸಿನಕಾಯಿ ಹಾಕುವವರೆಂದು ಹೆಸರಾದವರು. ಆದರೆ 'ಬಿಕೋಲ್ ಎಕ್ಸ್‌ಪ್ರೆಸ್' ಎಂಬ ಹೆಸರು ಹುಟ್ಟಿದ್ದು ಮನಿಲಾದ ಮಲಾತೆಯಲ್ಲಿ, 1970ರ ದಶಕದಲ್ಲಿ ಅಲ್ಲಿ ಹೋಟೆಲ್ ನಡೆಸುತ್ತಿದ್ದ ಸೆಲಿ ಕಲಾವ್ ಅವರಿಂದ ಎನ್ನುತ್ತಾರೆ. ಹೆಸರು ಬಂದದ್ದು ಮನಿಲಾದಿಂದ ಬಿಕೋಲಿಗೆ ಹೋಗುತ್ತಿದ್ದ ರೈಲಿನಿಂದ.

ಇದು ನನ್ನ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಬಿಗಿಮಾಡುತ್ತದೆ. ಮಹಾನಗರದಲ್ಲಿ ಹುಟ್ಟಿದ ಅಡುಗೆಗೂ ಊರಿಗೆ ಹೋಗುವ ರೈಲಿನ ಹೆಸರಿಟ್ಟರಲ್ಲ, ಅದೇ ನಾನು ಹೇಳುತ್ತಿರುವುದು. ನಮ್ಮ ಧಾರವಾಡ ಪೇಡವೂ ಹೀಗೇ. ಉತ್ತರ ಪ್ರದೇಶದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನದ ಕೈಗುಣ ಅದು, ಹಾಲು ಧಾರವಾಡದ ಎಮ್ಮೆಗಳದ್ದು. ಅದು ಧಾರವಾಡದ್ದಲ್ಲ ಎನ್ನುವ ಧೈರ್ಯ ಯಾರಿಗಿದೆ? ಊರಿನ ಹೆಸರು ಎಂದರೆ ರಕ್ತಶುದ್ಧಿಯ ಪ್ರಮಾಣಪತ್ರವಲ್ಲ. ಅದೊಂದು ವಿಳಾಸ. ಇದನ್ನು ಯಾರು ಮಾಡಿದರು, ಯಾವ ಹಾಲು, ಯಾವ ಹೊಳೆ, ಯಾರ ಕೂಲಿ, ಕೆಟ್ಟರೆ ಯಾರನ್ನು ಕೇಳಬೇಕು, ಮೆಚ್ಚಿದರೆ ಯಾರಿಗೆ ದುಡ್ಡು ಸೇರಬೇಕು ಎಂದು ಹೇಳುವ ವಿಳಾಸ. ವಿಳಾಸ ಬದಲಾಗಬಹುದು, ವಿಳಾಸವೇ ಇಲ್ಲದಿರಬಾರದು.

ನಾನು ಟೆಂಪ್ಲೇಟುಗಳ ಮೇಲೆ ಬದುಕುವವನು. ಪ್ರಮಾಣೀಕರಣ ಎಂದರೆ ನನ್ನ ಹೊಟ್ಟೆಪಾಡು. ಆದರೂ 2021ರ ಜುಲೈನಲ್ಲಿ ಫಿಲಿಪೀನ್ಸಿನ ವಾಣಿಜ್ಯ ಇಲಾಖೆ ಅದೊಬೊ ಅಡುಗೆಗೆ ರಾಷ್ಟ್ರೀಯ ಮಾನದಂಡ ರೂಪಿಸಲು ಹೊರಟಾಗ ಅಲ್ಲಿನ ಜನ ರೇಗಿದ್ದು ನನಗೆ ಸರಿಯೆನಿಸಿತು. ಒಂದು ಕಡೆ ಅದಕ್ಕೆ ಸೋಯಾ ಸಾಸ್ ಹಾಕುತ್ತಾರೆ, ಇನ್ನೊಂದು ಕಡೆ ಹಾಕುವುದೇ ಇಲ್ಲ. ಬತಂಗಾಸಿನಲ್ಲಿ ಅರಿಶಿನ, ಬಿಕೋಲಿನಲ್ಲಿ ತೆಂಗಿನಹಾಲು. ಯಾವುದು ಮಾನದಂಡ? ಮನೆಯಡುಗೆಗೆ ಇದು ಕಡ್ಡಾಯವಲ್ಲ, ವಿದೇಶದಲ್ಲಿ ಪ್ರಚಾರಕ್ಕಷ್ಟೇ ಎಂದು ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಹೊರಗಿನವರಿಗೆ ಸುಲಭವಾಗಲೆಂದು ಒಳಗಿನವರ ವಿಳಾಸಗಳನ್ನು ಒರೆಸುವ ಕೆಲಸ ಇದು.

ಒಳ್ಳೆಯ ನಿಯಮ ಯಾವುದೆಂದು ಗುಯಿಮರಾಸ್ ದ್ವೀಪ ತೋರಿಸಿದೆ. ಅಲ್ಲಿನ ಮಾವು ದೇಶದಲ್ಲೇ ಹೆಸರಾದದ್ದು. ಕೀಟ ಹರಡದಂತೆ ಹೊರಗಿನ ಮಾವನ್ನು ಆ ದ್ವೀಪಕ್ಕೆ ತರುವುದನ್ನೇ ನಿಷೇಧಿಸಿದ್ದಾರೆ. 2023ರಲ್ಲಿ ಆ ಮಾವು ಫಿಲಿಪೀನ್ಸಿನ ಮೊದಲ ಜಿಐ ನೋಂದಣಿ ಪಡೆಯಿತು. ಇನ್ನೊಂದು ಉದಾಹರಣೆ ಬಾಗಿಯೊ ಬೆಟ್ಟದ ಗುಡ್ ಶೆಫರ್ಡ್ ಸನ್ಯಾಸಿನಿಯರದು. ಉಬೆ ಎಂಬ ನೇರಳೆ ಗೆಡ್ಡೆಯ ಜಾಮ್ ಮಾಡಿ ಮಾರಿ ಬಂದ ಹಣದಲ್ಲಿ ಬೆಟ್ಟದ ಮಕ್ಕಳನ್ನು ಓದಿಸುತ್ತಾರೆ. 2021ರಲ್ಲಿ ನೇರಳೆ ಉಬೆ ಸಾಕಷ್ಟು ಸಿಗಲಿಲ್ಲ. ಅವರು ಬಣ್ಣ ಬೆರೆಸಲಿಲ್ಲ, ಬಿಳಿ ಉಬೆಯಲ್ಲೇ ಜಾಮ್ ಮಾಡಿ ಬಿಳಿಯದೆಂದೇ ಹೇಳಿ ಮಾರಿದರು. ಇವತ್ತು ಜಗತ್ತಿನ ಕೆಫೆಗಳಲ್ಲಿ ಉಬೆ ಎಂದರೆ ಒಂದು ಬಣ್ಣ, ಅನೇಕ ಕಡೆ ಬಾಟಲಿಯಿಂದ ಸುರಿದದ್ದು. ನೆಲ ಆ ವರ್ಷ ಏನು ಕೊಟ್ಟಿತೋ ಅದನ್ನೇ ಮಾರುವೆ ಎನ್ನಲು ವಿಳಾಸವಿರುವವರಿಗೆ ಮಾತ್ರ ಧೈರ್ಯ ಬರುತ್ತದೆ.

ಇದನ್ನು ಇಲ್ಲೇ ಯಾಕೆ ಬರೆಯುತ್ತಿದ್ದೇನೆಂದರೆ, ಈ ನೋವು ನಮಗೆ ಹೊಸದಲ್ಲ. ಪುಣೆ, ದೆಹಲಿ, ಮುಂಬೈಗಳಲ್ಲಿ ನಮ್ಮ ಊಟದ ಹೆಸರು 'ಸೌತ್ ಇಂಡಿಯನ್'. ಜೋಳದ ರೊಟ್ಟಿ ಎಣ್ಣೆಗಾಯಿಯ ಉತ್ತರ ಕರ್ನಾಟಕ, ಪತ್ರೊಡೆಯ ಕರಾವಳಿ, ಮುದ್ದೆ ಬಸ್ಸಾರಿನ ಬಯಲುಸೀಮೆ, ಎಲ್ಲ ಸೇರಿ ಇಡ್ಲಿ-ದೋಸೆ. "ನೀವು ದಿನಾ ಇಡ್ಲಿ ತಿಂತೀರಾ?" ಎಂದು ಕೇಳಿದವರ ಮೇಲೆ ನಮಗೆಷ್ಟು ಸಿಟ್ಟು ಬರುತ್ತದೆ! ಅದೇ ನಾವು ವಿಮಾನವಿಳಿದು ಬಂದು "ಬರೀ ಬಲೂಟ್" ಎನ್ನುತ್ತೇವೆ. ನಮ್ಮ ಸಿಟ್ಟಿಗೆ ಬೆಲೆ ಬರಬೇಕಾದರೆ ಅದು ಬೇರೆಯವರ ಊರಿನ ಪರವಾಗಿಯೂ ಏಳಬೇಕು.

ಮನಿಲಾದಲ್ಲಿ ಕೆಲಸ ಮಾಡುವವರೇ, ದವಾವೊದಲ್ಲಿ ಮೆಡಿಕಲ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರೇ, ಕೇಳುವುದು ಇಷ್ಟೇ. ಪ್ಯಾಂಟ್ರಿಯ ಮೇಜಿನ ಮೇಲೆ ಯಾರಾದರೂ ಒಂದು ಪೊಟ್ಟಣ ಇಟ್ಟರೆ, ತಿನ್ನಿ, ಬಿಡಿ, ಅದು ನಿಮ್ಮಿಷ್ಟ. ಯಾವ ಊರಿನದೆಂದು ಕೇಳಿ. ಹೆಸರನ್ನು ಎರಡು ಸಲ ಹೇಳಿಸಿಕೊಂಡು ಸರಿಯಾಗಿ ಉಚ್ಚರಿಸಿ. ಯಾರು ಮಾಡುತ್ತಾರೆ, ಎಷ್ಟು ಹೊತ್ತಿನ ಪ್ರಯಾಣ ಎಂದು ವಿಚಾರಿಸಿ. ಊರಿನ ಹೆಸರು ಕೇಳಿದೊಡನೆ ಅವರ ಮುಖದಲ್ಲಾಗುವ ಬದಲಾವಣೆ ನಿಮಗೆ ಪರಿಚಿತವೇ, ನಮ್ಮೂರಿನ ಹೆಸರನ್ನು ಯಾರಾದರೂ ಸರಿಯಾಗಿ ಹೇಳಿದಾಗ ನಮ್ಮ ಮುಖದಲ್ಲೂ ಅದೇ ಆಗುತ್ತದೆ. ವಿಡಿಯೊ ಮಾಡುವುದಾದರೆ ಮಾಡಿ. ತಿನಿಸಿನ ಹೆಸರಿನ ಜೊತೆ ಊರಿನ ಹೆಸರೂ ಪರದೆಯ ಮೇಲೆ ಬರಲಿ.